ಬೊಳ್ಳುವಿನ ವಿದ್ಯಾಭ್ಯಾಸ

ಮಗಳು ಮನೆಗೆ ನಾಯಿಮರಿ ತಂದಿದ್ದಾಳೆ. ಜೊತೆಗೆ ಅದಕ್ಕೆ ಬುದ್ಧಿ ಕಲಿಸಲೆಂದು ಒಂದು ಪೊಟ್ಟಣ ಬಿಸ್ಕತ್ತು. ಹೇಳಿದ್ದು ಕೇಳಿದರೆ ಬಿಸ್ಕತ್ತು, ಕೇಳದಿದ್ದರೆ ಇಲ್ಲ, ಹೊಡೆತವಂತೂ ಇಲ್ಲವೇ ಇಲ್ಲ. ಇದು ಹೊಸ ಪದ್ಧತಿಯಂತೆ. ಪೊಟ್ಟಣ ಬಿಚ್ಚಿದೊಡನೆ ಒಣಮೀನಿನ ವಾಸನೆ ಮೂಗಿಗೆ ಬಡಿಯಿತು. ನನಗೆ ನಗು ಬಂತು. ಮೂಡುಬಿದಿರೆಯ ನಮ್ಮ ಅತ್ತೆ ಈ ವಿದ್ಯೆಯನ್ನು ಎಪ್ಪತ್ತರ ದಶಕದಲ್ಲೇ ನಡೆಸಿದ್ದರು, ಅದೂ ಶುದ್ಧ ಸಸ್ಯಾಹಾರದಲ್ಲಿ.

ಹೈಸ್ಕೂಲಿಗೆಂದು ಲಾಯಿಲದಿಂದ ಬಂದು ನಾನು ಅವರ ಮನೆಯಲ್ಲಿದ್ದೆ. ನಮ್ಮದು ಜೈನರ ಮನೆತನ. ಸೂರ್ಯ ಮುಳುಗುವ ಮೊದಲು ಊಟ ಮುಗಿದು, ಅಡುಗೆಮನೆ ತೊಳೆದು ಕದ ಹಾಕಿ ಆಗಬೇಕು. ಮತ್ತೆ ಬಾಯಿಗೆ ಏನಾದರೂ ಬೀಳುವುದು ಮರುದಿನ ಸೂರ್ಯ ಹುಟ್ಟಿದ ಮೇಲೆಯೇ. ಅತ್ತೆಯ ಮನೆಯಲ್ಲಿ ಈ ನಿಯಮ ನಾಯಿಗೂ ಇತ್ತು. ನಾಯಿಯ ಹೆಸರು ಬೊಳ್ಳು. ತುಳುವಿನಲ್ಲಿ ಬಿಳಿಯ ಎಂದರ್ಥ. ಸದಾ ಮಣ್ಣಿನಲ್ಲಿ ಹೊರಳುತ್ತಿದ್ದ ಅವನ ಬಿಳಿಬಣ್ಣವನ್ನು ನಾನಂತೂ ಕಂಡವನಲ್ಲ.

ಅಂಥ ಮನೆಯ ಅಂಗಳಕ್ಕೆ ಬೊಳ್ಳು ಒಂದು ದಿನ ಪಕ್ಕದ ಮನೆಯ ಸಿಸಿಲಿಯಾ ಬಾಯಿಯ ಕೋಳಿಯನ್ನು ಕೊಂದು ತಂದ. ತಂದು, ಮಾವನ ಕಾಲಬುಡದಲ್ಲಿಟ್ಟು ಬಾಲ ಆಡಿಸಿದ. ಮಾವ ಆ ದಿನ ಎರಡೆರಡು ಸಲ ಸ್ನಾನ ಮಾಡಿದರು.

“ಇನ್ನೊಂದು ಕೋಳಿ ಹೋದರೆ ಇವನನ್ನು ಚಾರ್ಮಾಡಿಯ ಲಾರಿಯಲ್ಲಿ ಹಾಕಿ ಕಳಿಸ್ತೇನೆ. ಘಟ್ಟದಲ್ಲಿ ಬಿಟ್ಟು ಬರ್ಲಿ. ನಾನು ಹೊಡೆಯುವವನಲ್ಲ,” ಎಂದರು.

“ಘಟ್ಟದಲ್ಲಿ ಚಿರತೆ ಹಿಡಿದರೆ ಆ ಪಾಪ ಲಾರಿಯವನಿಗಾ?” ಎಂದರು ಅತ್ತೆ.

ಮಾವ ಚಪ್ಪಲಿ ಮೆಟ್ಟಿ ಅಂಗಡಿಗೆ ಹೊರಟುಬಿಟ್ಟರು. ಆದರೆ ಅವರು ಆಡಿದ ಮಾತನ್ನು ನಡೆಸದೆ ಬಿಡುವವರಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಮರುದಿನವೇ ಬೊಳ್ಳುವಿನ ಶಾಲೆ ಶುರುವಾಯಿತು. ಅತ್ತೆ ಹಿತ್ತಿಲಿನಲ್ಲಿ ಕೂತು ತೆಂಗಿನಕಾಯಿ ತುರಿಯುವರು. ಬೇಲಿಯಾಚೆ ಕೋಳಿಗಳು. ಅವುಗಳನ್ನೇ ನೋಡುತ್ತ ಜೊಲ್ಲು ಸುರಿಸುವ ಬೊಳ್ಳುವಿಗೆ ಮೆಲ್ಲಗೆ “ಬಾ ಮಗಾ” ಎನ್ನುವರು. ತಿರುಗಿ ನೋಡಿದರೆ ಒಂದು ಕಾಯಿಚೂರು, ಎದ್ದು ಬಂದರೆ ಇನ್ನೂ ದೊಡ್ಡ ಚೂರು. ನೋಡದಿದ್ದರೆ ಬೈಗುಳವಿಲ್ಲ, ತುರಿಯುತ್ತ ಕಾಯುವುದು. ನಾನೂ ಗುರುವಾಗಲು ಕಿಸೆಯಲ್ಲಿ ಕಾಯಿಚೂರು ತುಂಬಿಕೊಂಡು ಹೊರಟೆ. ವಾರ ಕಳೆಯುವುದರೊಳಗೆ ಅವನೇ ನನಗೆ ಕಲಿಸಿಬಿಟ್ಟಿದ್ದ. ಅವನು ಕೂತು ಮುಖ ನೋಡಿದರೆ ನನ್ನ ಕೈ ತಾನಾಗಿ ಕಿಸೆಗೆ ಹೋಗುತ್ತಿತ್ತು.

“ಲಂಚ ತಿನ್ನುವ ನಾಯಿ,” ಎನ್ನುತ್ತಿದ್ದರು ಮಾವ. “ಕೈ ಖಾಲಿ ಇದ್ದ ದಿನ ನೋಡುವ.”

ನನಗೂ ಅದೇ ಭಯ. ಸಂಜೆಯ ಪಾಠಕ್ಕೆ ಕಾಯಿಚೂರು ಇರಲಿಲ್ಲ, ನಿಯಮ ಅಂದರೆ ನಿಯಮ. ಕರೆದಾಗ ಬಂದರೆ ಕಿವಿಯ ಹಿಂದೆ ತುರಿಸುವುದಷ್ಟೇ ಬಹುಮಾನ.

ಆ ದಿನವೂ ಬಂತು. ದೀಪ ಹಚ್ಚುವ ಹೊತ್ತು. ಅಡುಗೆಮನೆಯ ಕದ ಹಾಕಿಯಾಗಿತ್ತು. ಗೂಡು ಸೇರದ ಹೇಂಟೆಯೊಂದು ಬೇಲಿ ನುಸುಳಿ ಬಂದಿದೆ. ಅದರ ಕೂಗು ಕೇಳಿ ನಾವು ಹೊರಗೆ ಓಡುವಷ್ಟರಲ್ಲಿ ಬೊಳ್ಳು ರೆಕ್ಕೆ ಕಚ್ಚಿ ಹಿಡಿದಿದ್ದ. ಮಾವ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು. ಅತ್ತೆ ಅಂಗಳದಲ್ಲೇ ಕೂತು ಬರಿಗೈ ಚಾಚಿದರು.

“ಬೊಳ್ಳು, ಬಾ ಮಗಾ.”

ಅವನು ಅತ್ತೆಯನ್ನು ನೋಡಿದ, ಕೋಳಿಯನ್ನು ಬಿಡಲಿಲ್ಲ. ಅತ್ತೆ ಮತ್ತೆ ಕರೆಯಲಿಲ್ಲ, ಕಾದರು. ಅವನ ಬಾಯಿ ಸಡಿಲವಾಯಿತು. ಹೇಂಟೆ ನಾಲ್ಕಾರು ಗರಿ ಉದುರಿಸಿ, ಬೇಲಿ ಹಾರಿ ಓಡಿತು. ಬೊಳ್ಳು ಬಂದು ಅಂಗೈ ಮೂಸಿದ. ಏನೂ ಇರಲಿಲ್ಲ. ಆದರೂ ಅಲ್ಲೇ ಒರಗಿ ಕೂತ. ಅತ್ತೆ ಅವನ ಕೊರಳು ತಬ್ಬಿ ಅತ್ತರು. ಮಾವ ಒಳಗೆ ಹೋದರು.

ಮರುದಿನ ಕಾಯಿ ಒಡೆದ ಸದ್ದಿಗೆ ನನಗೆ ಎಚ್ಚರವಾಯಿತು. ಹೊರಗೆ ಇನ್ನೂ ಮಬ್ಬು. ಅಡುಗೆಮನೆಯಲ್ಲಿ ಕತ್ತಿ ಎಲ್ಲಿದೆಯೆಂದೂ ಅರಿಯದ ಮಾವ ಎರಡು ಕೈಯಲ್ಲಿ ಎರಡು ಹೋಳು ಹಿಡಿದು ಮೆಟ್ಟಿಲ ಮೇಲೆ ಕೂತಿದ್ದರು. ಎದುರಿಗೆ ಬೊಳ್ಳು.

“ಸ್ವಲ್ಪ ನಿಲ್ಲು ಮಾರಾಯ,” ಎನ್ನುತ್ತಿದ್ದರು ಅವನಿಗೆ. “ಸೂರ್ಯ ಬರ್ಲಿ.”

ಆ ಮೂವರೂ ಈಗಿಲ್ಲ. ಇದನ್ನು ಬರೆಯುತ್ತಿರುವಾಗಲೇ ನಮ್ಮ ಮರಿ ನನ್ನ ಕನ್ನಡಕದ ಡಬ್ಬಿ ಕಚ್ಚಿಕೊಂಡು ಮಂಚದಡಿ ಸೇರಿದೆ. ಗದರಿಸಲೆಂದು ಎದ್ದವನು ಹಾಗೇ ನೆಲದ ಮೇಲೆ ಕೂತಿದ್ದೇನೆ. ಮೊಣಕಾಲು ನೋಯುತ್ತಿದೆ. ಒಮ್ಮೆ ಕರೆದಿದ್ದೇನೆ. ಅದಕ್ಕೆ ಮನಸ್ಸು ಬಂದಾಗ ಬರಲಿ.