ಗುನ್ವೋರ್ ತಂದ ಕೇಕು

ಹೆಲ್ಲೆಬ್ರುಕ್‌ನ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಕೆಡಿಸಿದವರು ಮರುದಿನ ಒಂಬತ್ತರ ಕಾಫಿಗೆ ಕೇಕು ತರಬೇಕಿತ್ತು. ಬೈಗುಳವಿಲ್ಲ, ದಂಡವಿಲ್ಲ. ಎದ್ದು ನಿಂತು ತಪ್ಪು ಒಪ್ಪಿಕೊಂಡು, ಬಾಗಿಲ ಹಿಂದಿನ ಹಾಳೆಯಲ್ಲಿ ಕೈಯಾರೆ ಬರೆದರಾಯಿತು. ಮ್ಯಾನೇಜರರ ಹೆಸರೇ ಅದರಲ್ಲಿ ನಾಲ್ಕು ಸಲ ಇತ್ತು. ಕುಲುಮೆ ನೋಡಿಕೊಳ್ಳುತ್ತಿದ್ದ ಗುನ್ವೋರ್ ಎಕ್‌ವಾಲ್ ಹೆಸರು ಮಾತ್ರ ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಇರಲಿಲ್ಲ. ಅದನ್ನು ಯಾರಾದರೂ ಮರೆತರೆ ಆಕೆಯೇ ನೆನಪಿಸುತ್ತಿದ್ದಳು.

ಏಳನೇ ತರಗತಿಗೆ ಶಾಲೆ ಬಿಟ್ಟವಳು, ಕಾರ್ಖಾನೆಯ ಕಸ ಗುಡಿಸಲು ಬಂದು ಕುಲುಮೆ ಹಿಡಿದವಳು. ಲೋಹ ಕತ್ತರಿಸುವ ಕಟರುಗಳನ್ನು ಒಂದೇ ಓಟಕ್ಕೆ ಕಾಯಿಸದೆ, ನಡುವೆ ಎರಡು ಸಲ ಬಿಸಿ ಏರಿಸದೆ ತಂಗಿಸಿ ಕಾಯಿಸಿದರೆ ಹಲ್ಲು ಹೆಚ್ಚು ಬಾಳುತ್ತದೆ ಎಂದು ಅವಳಿಗೆ ಅನಿಸಿತ್ತು. ಕಂಡದ್ದನ್ನೆಲ್ಲ ಹತ್ತು ವರ್ಷ ಒಂದು ಪುಸ್ತಕದಲ್ಲಿ ಗೀಚಿಟ್ಟಿದ್ದಳು. ಸ್ಟಾಕ್‌ಹೋಮಿನ ಸಂಶೋಧನಾಲಯದಿಂದ ಬಂದ ಎಂಜಿನಿಯರ್ ಲೆನ್ನಾರ್ಟ್ ಅದನ್ನು ನಿಂತಲ್ಲೇ ಓದಿ ಮುಗಿಸಿದ.

"ಇಷ್ಟು ವರ್ಷ ಯಾರಿಗೂ ತೋರಿಸ್ಲಿಲ್ವಾ?"

"ಯಾರೂ ಕೇಳ್ಲಿಲ್ವಲ್ಲ."

ಅವಳ ವಿಧಾನದ ಪರೀಕ್ಷೆ ಆಗಸ್ಟ್ ಮೊದಲ ವಾರಕ್ಕೆ ನಿಗದಿಯಾಯಿತು. ಜುಲೈ ಪೂರ್ತಿ ದೇಶಕ್ಕೇ ರಜೆ, ಕುಲುಮೆಗೂ ರಜೆ. ತಣ್ಣಗೆ ಕೂತ ಇಟ್ಟಿಗೆಗಳು ತೇವ ಕುಡಿದಿರುತ್ತವೆ. ಆದ್ದರಿಂದ ಮೂರು ದಿನ ಬರೀ ಕುಲುಮೆ ಉರಿಸಿ ಒಣಗಿಸುವುದು ರೂಢಿ. ಲೆನ್ನಾರ್ಟ್ ಗುರುವಾರ ಊರಿಗೆ ಹೊರಡುವವನಿದ್ದ. ಅಷ್ಟರೊಳಗೆ ಅವನು ಫಲ ನೋಡಲೆಂದು ಗುನ್ವೋರ್ ಎರಡನೇ ದಿನವೇ ಕಟರುಗಳನ್ನು ಒಳಗಿಟ್ಟಳು.

ಲೋಹ ಕತ್ತರಿಸುವ ಮಿಲ್ಲಿಂಗ್ ಯಂತ್ರ ನಡೆಸುವ ರಾಗ್ನರ್ ಅವನ್ನು ಓಡಿಸಿ ನೋಡಿದ. ಹಳೆಯ ವಿಧಾನದ ಕಟರು ನಲವತ್ತು ನಿಮಿಷ ಬರುತ್ತಿತ್ತು, ಇವು ಇಪ್ಪತ್ತಕ್ಕೇ ಮೊಂಡಾದವು. ಲೆನ್ನಾರ್ಟ್ ಮುಖ ಸಣ್ಣದಾಯಿತು.

"ಈ ವಿಧಾನ ಆಗಲ್ಲ ಅಂತ್ಲೇ ವರದೀಲಿ ಬರೀಬೇಕಾಗುತ್ತೆ, ಗುನ್ವೋರ್."

ಎಲ್ಲರೂ ಹೋದ ಮೇಲೆ ಅವಳು ಕಟರಿನ ಹಲ್ಲಿಗೆ ಅರ ಹಾಕಿದಳು. ಮೇಲ್ಮೈಗೆ ಅರ ಕಚ್ಚಿತು, ಒಂದು ಕೂದಲೆಳೆ ಕೆಳಗೆ ಹೋದ ಮೇಲೆ ಕಚ್ಚದೆ ಜಾರಿತು. ಒಳಗೆಲ್ಲ ಗಟ್ಟಿ, ಮೈ ಮಾತ್ರ ಮೆತ್ತಗೆ. ಇಟ್ಟಿಗೆಯ ತೇವ ಆವಿಯಾಗಿ ಉಕ್ಕಿನ ಮೇಲ್ಮೈಯ ಗಟ್ಟಿತನವನ್ನು ತಿಂದುಹಾಕಿತ್ತು. ಕುಲುಮೆ ಹಚ್ಚಿದವಳು ಅವಳೊಬ್ಬಳೇ, ಬೇರೆ ಯಾರಿಗೂ ಇದು ಗೊತ್ತಾಗುವಂತಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಹಾಳೆಯಲ್ಲಿ ಹೆಸರು ಬರುವುದಿಲ್ಲ. ಹತ್ತು ವರ್ಷದ ಪುಸ್ತಕ ಮಾತ್ರ ಮಣ್ಣುಪಾಲು.

ಮರುದಿನ ಒಂಬತ್ತಕ್ಕೆ ಹಸಿರು ಹೊದಿಕೆಯ ಬಾದಾಮಿ ಕೇಕು ಮೇಜಿನ ಮೇಲಿತ್ತು.

"ಯಾರ ಹುಟ್ಟುಹಬ್ಬ?" ಎಂದ ರಾಗ್ನರ್.

ಗುನ್ವೋರ್ ಎದ್ದು ನಿಂತಳು. "ಮೂರು ದಿನ ಒಣಗಿಸ್ಬೇಕಿದ್ದ ಕುಲುಮೇನ ಒಂದೇ ದಿನಕ್ಕೆ ಮುಗಿಸ್ದೆ. ನನ್ನ ಲೆಕ್ಕ ಗೆಲ್ಲೋದನ್ನ ನೋಡೋ ಆತುರ. ಕೆಡಿಸಿದ್ದು ನಾನು, ವಿಧಾನ ಅಲ್ಲ."

ಹೇಳಿದವಳೇ ಬಾಗಿಲ ಹಿಂದಿನ ಹಾಳೆಯಲ್ಲಿ ಅದನ್ನು ಕೈಯಾರೆ ಬರೆದು ಬಂದಳು. ರಾಗ್ನರ್ ತಟ್ಟೆ ಮುಂದೆ ಚಾಚಿದ. "ಮೂವತ್ತೊಂದು ವರ್ಷದಿಂದ ಕಾಯ್ತಿದೀನಿ ಕಣೇ ಈ ಕೇಕಿಗೆ. ದೊಡ್ಡ ತುಂಡು ನಂಗೆ."

ಲೆನ್ನಾರ್ಟ್ ಹೋಗಿ ಊರಿಗೆ ಹೊರಡುವುದನ್ನು ಮುಂದಕ್ಕೆ ಹಾಕಿ ಬಂದ.

ಈ ಸಲ ಮೂರು ದಿನ ಒಣಗಿಸಿ ಕಾಯಿಸಿದರು. ಕಟರು ನಲವತ್ತು ನಿಮಿಷ ದಾಟಿತು. ಆ ದಿನ ಒಂಬತ್ತರ ಕಾಫಿಗೆ ಯಾರೂ ಹೋಗಲಿಲ್ಲ, ಆ ಕಾರ್ಖಾನೆಯಲ್ಲಿ ಅದೊಂದು ದಾಖಲೆಯೇ ಸರಿ. ಒಂದೂವರೆ ಗಂಟೆ ಓಡಿದ ಮೇಲೆ ರಾಗ್ನರನೇ ಯಂತ್ರ ನಿಲ್ಲಿಸಿ ಹಲ್ಲು ಮುಟ್ಟಿ ನೋಡಿದ. "ಇನ್ನೂ ಚೂಪಾಗೇ ಇದೆ," ಎಂದ. ಗುನ್ವೋರಳಿಗೆ ಅಳು ಬಂತು, ಅದಕ್ಕೆ ಕುಲುಮೆಯ ಬಿಸಿಯನ್ನು ದೂರಿದಳು.

ಅಚ್ಚಾದ ವರದಿಯ ಮೊದಲ ಪುಟದಲ್ಲಿ ಲೆನ್ನಾರ್ಟ್ ಪಕ್ಕದಲ್ಲೇ ಅವಳ ಹೆಸರಿದೆ. ಅದು ಅವಳ ಮನೆಯ ಕಪಾಟಿನಲ್ಲಿದೆ. ನಿವೃತ್ತಿಯ ದಿನ ಕೇಳಿ ತಂದ ಆ ತಪ್ಪುಗಳ ಹಾಳೆ ಮಾತ್ರ ಅಡುಗೆಮನೆಯ ಗೋಡೆಯ ಮೇಲೆ, ಗಾಜು ಹಾಕಿಸಿಕೊಂಡು ಕೂತಿದೆ. ಅದನ್ನೇಕೆ ತೂಗುಹಾಕಿದ್ದೀಯ ಎಂದು ಕೇಳಿದವರಿಗೆಲ್ಲ ಅವಳು ಒಂದೇ ಉತ್ತರ ಕೊಡುತ್ತಾಳೆ.

"ವರದಿ ಬರಿಯೋಕೆ ಲೆನ್ನಾರ್ಟ್ ಇದ್ದ. ಇದನ್ನ ಬರಿಯೋಕೆ ನಾನೇ ಬೇಕಿತ್ತು."