ಅರಗು ಹಚ್ಚಿದ ಸ್ಟಾಪ್‌ವಾಚು

ಬೀದರಿನ ಚೌಬಾರಾ ಗೋಪುರದ ಎದುರು ಮಕ್ಬೂಲ್ ಚಾಚಾ ಅವರದು ಬಾಗಿಲಷ್ಟೇ ಅಗಲದ ಗಡಿಯಾರ ರಿಪೇರಿ ಅಂಗಡಿ. ಅಲ್ಲೊಂದು ದಪ್ಪ ನೋಟುಬುಕ್ಕಿದೆ. ಅದರ ಎಡಪುಟ ಲೋಕದ್ದು, ಬಲಪುಟ ಬೀದರಿನದು. ಎಡಕ್ಕೆ ಪೇಪರಿನಿಂದ ಕತ್ತರಿಸಿ ಅಂಟಿಸಿದ ಕಾರ್ ರೇಸಿನ ಸುದ್ದಿ: ಯಾವ ಟ್ರ್ಯಾಕಿನಲ್ಲಿ ಯಾರು ಒಂದು ಸುತ್ತನ್ನು ಎಲ್ಲರಿಗಿಂತ ಬೇಗ ಮುಗಿಸಿದರು ಎಂದು. ಬಲಕ್ಕೆ, ಚೌಬಾರಾದಿಂದ ಮದರಸಾ ದಾಟಿ ಕೋಟೆಯ ಬಾಗಿಲು ಮುಟ್ಟಿ ಸೈಕಲ್ ಮೇಲೆ ವಾಪಸು ಬಂದವರ ಹೆಸರು, ಹಿಡಿದ ಸಮಯದ ಸಮೇತ.

ಬಲಪುಟದ ನೆತ್ತಿಯಲ್ಲಿ ಮೂವತ್ತನಾಲ್ಕು ವರ್ಷದಿಂದ ಒಂದೇ ಹೆಸರು: ಪಂಢರಿ, ಹಲಬರ್ಗಾ, ೧೯೯೧, ಐದು ನಿಮಿಷ ಹನ್ನೊಂದು ಸೆಕೆಂಡು. ಸಂಘಪಾಲನ ಗ್ರಹಚಾರಕ್ಕೆ ಆ ಪಂಢರಿ ಅವನ ಅಪ್ಪ.

ಸಂಘಪಾಲ ಕೊರಿಯರ್ ನೌಕರ. ಔರಾದದವರೆಗೆ ಪಾರ್ಸಲ್ ಮುಟ್ಟಿಸುತ್ತಾನೆ. 'ಅತಿ ವೇಗದ ಸೇವೆ' ಎಂದು ಬರೆದ ಅಂಗಿ ತೊಟ್ಟು ದಿನಾ ತಡವಾಗಿ ಹೋಗುವುದರಲ್ಲಿ ಅವನ ದಾಖಲೆಯನ್ನು ಯಾರೂ ಮುರಿದಿಲ್ಲ. ಅಪ್ಪ ಈಗಿರುವ ಭಾಲ್ಕಿಯ ಮನೆಗೆ ಹೋದಾಗಲೆಲ್ಲ ಅವನು ರೊಟ್ಟಿಯ ಜೊತೆ ಆ ಹನ್ನೊಂದು ಸೆಕೆಂಡನ್ನೂ ಬಡಿಸುತ್ತಿದ್ದ. ಒಮ್ಮೆಯಾದರೂ ಅಪ್ಪನ ಹೆಸರಿನ ಮೇಲೆ ತನ್ನದು ಏರಬೇಕೆಂಬುದೇ ಸಂಘಪಾಲನ ಆಸೆ.

ಅಪ್ಪ ತುಳಿಯುತ್ತಿದ್ದ ಬಾಡಿಗೆ ಸೈಕಲ್ಲಿನ ಕಾಲದಲ್ಲಿ ಐತವಾರದ ರಜೆಯ ಬೆಳಿಗ್ಗೆ ಚೌಬಾರಾದ ಸುತ್ತ ಕಾಲಿಡಲು ಜಾಗವಿರುತ್ತಿರಲಿಲ್ಲವಂತೆ. 'ಚಾಚಾ ಬೇಕಾದವರಿಗೆ ಎರಡು ಸೆಕೆಂಡು ಬಿಡ್ತಾರ' ಎಂದು ಯಾರೋ ಆಡಿಕೊಂಡರು. ಮರುವಾರವೇ, ೧೯೯೦ರಲ್ಲಿ, ಚಾಚಾ ಸವಾರಿಯ ಹೊತ್ತು ಅಳೆಯುವ ಸ್ಟಾಪ್‌ವಾಚಿಗೆ ಹೊಸ ಎಣ್ಣೆ ಬಿಟ್ಟು, ಇನ್ನು ಯಾರೂ ಬಿಚ್ಚಿ ತಿರುಚದಂತೆ ಎಲ್ಲರೆದುರು ಅದರ ಬೆನ್ನಿಗೆ ಕೆಂಪು ಅರಗು ಕಾಯಿಸಿ ಹಚ್ಚಿ ಹೆಬ್ಬೆರಳು ಒತ್ತಿಬಿಟ್ಟರು. ಬೆರಳಲ್ಲಿ ಸುಟ್ಟ ಕಲೆ ಇನ್ನೂ ಇದೆ. ಊರಿನ ಗಡಿಯಾರಗಳನ್ನೆಲ್ಲ ಬಿಚ್ಚಿದ ಮನುಷ್ಯ ಅದೊಂದನ್ನು ಮತ್ತೆ ಬಿಚ್ಚಲಿಲ್ಲ.

ಕಳೆದ ಐತವಾರ ಬೆಳಗಾಗುತ್ತಲೇ ಸಂಘಪಾಲ ಹೊಸ ಸೈಕಲ್ಲಿನ ಹ್ಯಾಂಡಲಿಗೆ ಮೊಬೈಲು ಸಿಗಿಸಿಕೊಂಡು ಬಂದ.

"ನಿಮ್ಮಪ್ಪಂದು ಬಾಡಿಗಿ ಸೈಕಲ್ ಇತ್ತಪಾ ಸಂಘು. ಬ್ರೇಕೂ ಇರ್ಲಿಲ್ಲ. ನಿಂದು ಇಪ್ಪತ್ತೊಂದು ಗೇರು!"

"ಆಗ ಸ್ಪೀಡ್ ಬ್ರೇಕರ್ ಇರ್ಲಿಲ್ಲಲ್ರಿ ಚಾಚಾ."

"ಎಮ್ಮಿ ಇದ್ದವು ಬೇಟಾ."

ಹೋಗಿ ಬಂದವನಿಗೆ ಉಸಿರೇ ಉಳಿದಿರಲಿಲ್ಲ. "ಐದು ಎಂಟು!" ಎಂದು ಚಾಚಾ ಕೂಗಿದರು. ಪೆನ್ನು ಬಿಚ್ಚಿ, ಎಡಪುಟದ ಹೊಸ ತುಣುಕು ತೋರಿಸಿದರು. "ನೋಡಿಲ್ಲಿ, ಮೋಂಜಾದ ರೇಸಿನಾಗ ಬ್ಯಾರಿಕೆಲ್ಲೊ ಎರಡು ಸಾವಿರದ ನಾಲ್ಕರಾಗ ಮಾಡಿದ್ದು ಇಪ್ಪತ್ತೊಂದು ವರ್ಷ ನಿಂತಿತ್ತು. ಈಗ ನಾರಿಸ್ ಮುರದಾನ. ಎಷ್ಟರಲೆ? ಒಂದು ಸೆಕೆಂಡು ಹತ್ತು ಪಾಲು ಮಾಡಿದ್ರ ಒಂದೂವರಿ ಪಾಲು! ನೀ ಮೂರು ಪೂರಾ ಸೆಕೆಂಡು ಮುರದಿ."

ಸಂಘಪಾಲ ತನ್ನ ಮೊಬೈಲು ಎಣಿಸಿದ ಸಮಯ ನೋಡಿಕೊಂಡ. ಐದು ಹದಿನಾಲ್ಕು.

ಮೆಲ್ಲಗೆ ಜೇಬಿಗಿಳಿಸಿದ. ಬಾಗಿಲೇ ತಟ್ಟದೆ 'ಮನೆಯಲ್ಲಿ ಯಾರೂ ಇಲ್ಲ' ಎಂದು ಬರೆದು ಪಾರ್ಸಲ್ ವಾಪಸು ತಂದ ಕೈ ಅದು, ಇದೇನು ಕಷ್ಟವಲ್ಲ. ಆದರೆ ಪೆನ್ನು ಅಪ್ಪನ ಹೆಸರಿನ ಮೇಲಕ್ಕೆ ಹೋದಾಗ ಅವನಿಂದ ತಡೆಯಲಾಗಲಿಲ್ಲ.

"ಚಾಚಾ, ಬರಿಬ್ಯಾಡ್ರಿ." ಮೊಬೈಲು ತೆಗೆದು ತೋರಿಸಿದ.

ಚಾಚಾ ಮೊಬೈಲು, ವಾಚು ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಒಟ್ಟಿಗೆ ಒತ್ತಿದರು. ಐದು ನಿಮಿಷ ಬಿಟ್ಟು ಒಟ್ಟಿಗೆ ನಿಲ್ಲಿಸಿದರು. ಸ್ಟಾಪ್‌ವಾಚು ಆರು ಸೆಕೆಂಡು ಹಿಂದೆ ಉಳಿದಿತ್ತು. ಚಾಚಾ ಚಿಮುಟ ತೆಗೆದುಕೊಂಡು ತಮ್ಮದೇ ಹೆಬ್ಬೆರಳಿನ ಗುರುತನ್ನು ಒಡೆದರು. ಒಳಗೆ ಎಣ್ಣೆ ತಳ ಹಿಡಿದ ಬೆಲ್ಲದ ಹಾಗೆ ಕರಿಗಟ್ಟಿತ್ತು.

"ಮಂದಿ ಮಾತಿಗೆ ಅಂಜಿ ಬಿಚ್ಚಲಿಲ್ಲಪಾ ನಾ."

"ಹಂಗಾದ್ರ ಅಪ್ಪಂದೂ..." ಸಂಘಪಾಲನಿಗೆ ಕೊನೆಯದೊಂದು ಆಸೆ.

"ಅರಗು ಹಚ್ಚಿ ಆಗ ಒಂದೇ ವರ್ಷ ಆಗಿತ್ತು. ಎಣ್ಣಿ ಹೊಸಾದು. ನಿಮ್ಮಪ್ಪಂದು ಗಟ್ಟಿ ಅದ."

ಸಂಘಪಾಲ ಭಾಲ್ಕಿಗೆ ಫೋನ್ ಹಚ್ಚಿದ. "ಮೂರು ಸೆಕೆಂಡು ಹಿಂದ ಬಿದ್ದೆ ಅಪ್ಪಾ." ನಗುವನ್ನು ಕೇಳಲು ಕಿವಿ ಗಟ್ಟಿಮಾಡಿಕೊಂಡ.

"ಮೂರೇ ಏನ್ಲೇ?" ಅಪ್ಪನ ದನಿ ತಗ್ಗಿತು. "ನಾ ಮೊದಲ ಸಲ ಆರು ನಿಮಿಷ ತಗೊಂಡಿದ್ದೆ. ಚಾಚಾನ್ನ ಕೇಳು. ಇಷ್ಟು ದಿನ ನಾ ಯಾರಿಗೂ ಹೇಳಿಲ್ಲ."

ಚಾಚಾ ಪಂಢರಿಯ ಕೆಳಗೆ ಬರೆದರು: ಸಂಘಪಾಲ, ಐದು ಹದಿನಾಲ್ಕು. ವಾಚು ತೊಳೆದು ಎಣ್ಣೆ ಬಿಟ್ಟು ಮುಚ್ಚಳ ಹಾಕಿದರು. ಅಭ್ಯಾಸಬಲದಿಂದ ಅರಗಿನ ಕಡ್ಡಿಗೆ ಕೈ ಹೋಯಿತು. ಒಂದು ಗಳಿಗೆ ಹಿಡಿದು ನೋಡಿ, ಡ್ರಾವರಿಗೆ ಹಾಕಿ ಮುಚ್ಚಿದರು.

"ಮುಂದಿನ ಐತವಾರ ಬಾ. ಮೊಬೈಲೂ ತಗೊಂಡು ಬಾ."