ನಾರಾಯಣಮ್ಮನವರ ಶಾಲೆ

ನಾರಾಯಣಮ್ಮನವರಿಗೆ ಹಾಜರಿ ಪುಸ್ತಕ ಬೇಕಿರಲಿಲ್ಲ. ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ಖಾಲಿ ಕ್ಯಾನು ಹಿಡಿದುಕೊಂಡೇ ಶಾಲೆಯ ಬಾಗಿಲಿಗೆ ಬಂದು ನಿಲ್ಲುವರು. ಕೂತ ಮಕ್ಕಳ ಮೇಲೆ ಒಮ್ಮೆ ಕಣ್ಣಾಡಿಸಿ, "ಸುಮ ಬಂದಿಲ್ಲ, ಜ್ವರ. ಮಂಜ ಬಂದಿಲ್ಲ, ಅವ್ನಿಗೇನೂ ಆಗಿಲ್ಲ. ಎಳ್ಕೊಂಡ್ ಬತ್ತೀನಿ ಇರಿ ಮೇಷ್ಟ್ರೆ" ಅನ್ನುವರು. ಹತ್ತು ನಿಮಿಷದಲ್ಲಿ ಮಂಜ ಕಣ್ಣೊರೆಸಿಕೊಳ್ಳುತ್ತ ಒಳಗೆ ಬರುತ್ತಿದ್ದ. ನಾನಿನ್ನೂ ಪುಸ್ತಕ ಬಿಡಿಸಿ ಪೆನ್ನು ಹುಡುಕುತ್ತಿರುತ್ತಿದ್ದೆ.

ಕಾಮಸಮುದ್ರದಿಂದಾಚೆ, ಆಂಧ್ರದ ಗಡಿಗೆ ಅಂಟಿಕೊಂಡ ಆ ಊರಿನ ಕಿರಿಯ ಪ್ರಾಥಮಿಕ ಶಾಲೆಗೆ ನಾನು ಮುಖ್ಯ ಶಿಕ್ಷಕ. ಇದ್ದದ್ದೂ ನಾನೊಬ್ಬನೇ. ಮನೆ ಆಂಡರ್ಸನ್‌ಪೇಟೆಯಲ್ಲಿ, ದಿನಾ ಎರಡು ಬಸ್ಸು ಬದಲಾಯಿಸಿ ಬರುವವನು. ನಾರಾಯಣಮ್ಮ ಎಸ್‌ಡಿಎಂಸಿ ಅಧ್ಯಕ್ಷೆ, ಅಂದರೆ ಶಾಲೆ ನೋಡಿಕೊಳ್ಳಲು ಪೋಷಕರೇ ಆರಿಸಿದ ಸಮಿತಿಯ ಮುಖ್ಯಸ್ಥೆ. ಓದಿದ್ದು ಏಳನೆಯವರೆಗೆ. ಮನೆಯಲ್ಲಿ ಎರಡು ಸೀಮೆಹಸು, ನಮ್ಮ ನಾಲ್ಕನೇ ತರಗತಿಯಲ್ಲಿ ಒಬ್ಬಳು ಮಗಳು. ನಾನು ಎಂ.ಎ., ಬಿ.ಎಡ್. ಇದನ್ನು ನನಗೆ ನಾನೇ ಆಗಾಗ ನೆನಪಿಸಿಕೊಳ್ಳುತ್ತಿದ್ದೆ, ಏಕೆಂದರೆ ಊರಿನಲ್ಲಿ ಬೇರೆ ಯಾರೂ ನೆನಪಿಸುತ್ತಿರಲಿಲ್ಲ.

ಒಂದು ಮಳೆಗಾಲ ಹಂಚು ಒಡೆದು ಮಕ್ಕಳ ತಲೆಯ ಮೇಲೆ ನೀರು ತೊಟ್ಟಿಕ್ಕತೊಡಗಿತು. ಮೂರು ಪತ್ರ ಬರೆದೆ. ಮೇಲಿನಿಂದ ಅನುಮತಿ ಬರುವವರೆಗೆ ಮುಟ್ಟುವ ಹಾಗಿಲ್ಲ ಎಂದೆ. ಆಕೆ ಕತ್ತೆತ್ತಿ ಸೂರು ನೋಡಿ, "ಮ್ಯಾಲೆ ಯಾರವ್ರೆ ಮೇಷ್ಟ್ರೆ? ನಂಗೆ ಒಡ್ದಿರೋ ಅಂಚೊಂದೇ ಕಾಣ್ತದೆ" ಅಂದರು. ಭಾನುವಾರ ಊರಿನ ನಾಲ್ಕು ಗಂಡಸರನ್ನು ಮೇಲೆ ಹತ್ತಿಸಿ, ಕೆಳಗೆ ನಿಂತು ತೆಲುಗಿನಲ್ಲಿ ಬೈದು ಬೈದು ಹೊಸ ಹಂಚು ಕೂರಿಸಿದರು. ಸೋಮವಾರ ನಾನು ಬಂದಾಗ ಮಳೆ ಜೋರಾಗಿತ್ತು, ಒಳಗೆ ಒಂದು ಹನಿ ಇರಲಿಲ್ಲ. ಸಂತೋಷಪಡಬೇಕಿತ್ತು. ನನಗೆ ಹೊಟ್ಟೆ ಉರಿಯಿತು. ನಾಲ್ಕನೇ ಪತ್ರ ಜೇಬಿನಲ್ಲೇ ಇತ್ತು.

ಹಾಗಂತ ಆಕೆ ನನ್ನನ್ನು ಎಂದೂ ಹಗುರ ಮಾಡಿದವರಲ್ಲ. ಬಿಸಿಲಲ್ಲಿ ಬಂದರೆ ಮಜ್ಜಿಗೆ ಕಳಿಸುವರು. "ಎಲ್ಡು ಬಸ್ಸು ಅತ್ತಿ ಬತ್ತಾರೆ ನಮ್ ಮೇಷ್ಟ್ರು" ಎಂದು ಊರಿಗೆಲ್ಲ ಹೇಳುವರು. ಆ ಮಜ್ಜಿಗೆಯನ್ನೂ ನಾನು ಮುಖ ಗಂಟಿಕ್ಕಿಕೊಂಡೇ ಕುಡಿದಿದ್ದೇನೆ.

ಒಂದು ಕೆಲಸವನ್ನು ಮಾತ್ರ ಆಕೆ ಪೂರ್ತಿ ನನಗೆ ಬಿಟ್ಟಿದ್ದರು: ಸಮಿತಿಯ ನಡಾವಳಿ ಪುಸ್ತಕ. ಸಭೆ ಮುಗಿಯುವ ಹೊತ್ತಿಗೆ ಒಬ್ಬರಿಗೆ ಹಸುವಿನ ಅವಸರ, ಇನ್ನೊಬ್ಬರಿಗೆ ಕೂಲಿಯ ಅವಸರ. ಖಾಲಿ ಹಾಳೆಯ ಬುಡದಲ್ಲಿ ಸಾಲಾಗಿ ಸಹಿ, ಹೆಬ್ಬೆಟ್ಟು ಹಾಕಿ ಎದ್ದು ಹೋಗುತ್ತಿದ್ದರು. ಏನು ತೀರ್ಮಾನವಾಯಿತು ಎಂದು ಆಮೇಲೆ ನಾನು ಬರೆದುಕೊಳ್ಳಬೇಕು. ಒಮ್ಮೆ ಒಬ್ಬ ಸದಸ್ಯ ಬರೀ ಹಾಳೆಗೆ ಸಹಿ ಹಾಕಲು ಹಿಂಜರಿದ. "ಆಕ್ಲಾ ಸೈನು. ಬರ್ಯೋರು ನಮ್ ಮೇಷ್ಟ್ರು ಕಣ್ಲಾ" ಎಂದು ನಾರಾಯಣಮ್ಮ ಗದರಿದರು.

ಕಳೆದ ವರ್ಷ ಬಂಗಾರಪೇಟೆಯಿಂದ ಒಬ್ಬ ಅಧಿಕಾರಿ ಶಾಲೆ ನೋಡಲು ಬಂದರು. ಮಕ್ಕಳನ್ನು ಮಾತಾಡಿಸುತ್ತ, "ಈ ಶಾಲೆಗೆ ಯಾರು ದೊಡ್ಡವರು?" ಎಂದು ಕೇಳಿದರು. ಹತ್ತೊಂಬತ್ತು ಮಕ್ಕಳೂ ಒಂದೇ ದನಿಯಲ್ಲಿ, "ನಾರಾಯಣಮ್ಮಕ್ಕ" ಅಂದವು. ನಾನು ಕೈ ಹಿಡಿದು ಅಕ್ಷರ ತಿದ್ದಿಸಿದ ಸುಮಳೇ ಎಲ್ಲರಿಗಿಂತ ಜೋರಾಗಿ ಕೂಗಿದ್ದಳು. ಅಧಿಕಾರಿ ನಕ್ಕರು. ನಾನೂ ನಕ್ಕೆ. ಆ ರಾತ್ರಿ ಊಟ ಸೇರಲಿಲ್ಲ.

ಅದೇ ವಾರ ಸುತ್ತೋಲೆ ಬಂತು. ಮಕ್ಕಳು ಕಡಿಮೆ ಇರುವ ಶಾಲೆಗಳನ್ನು ಹೋಬಳಿಯ ದೊಡ್ಡ ಶಾಲೆಗೆ ಸೇರಿಸುವುದು. ಅದಕ್ಕೆ ಸಮಿತಿಯ ಅಭಿಪ್ರಾಯ ಕಳಿಸುವುದು. ಸಭೆ ಸೇರಿಸಿದೆ. ನಾರಾಯಣಮ್ಮ ಕೂರಲೂ ಇಲ್ಲ. "ಒಂದ್ನೇ ಕ್ಲಾಸ್ ಮಕ್ಳು ಬಸ್ ಅತ್ತಿ ಓಗ್ಬೇಕಾ? ಬ್ಯಾಡ. ಇಸ್ಕೂಲು ಇಲ್ಲೇ ಇರ್ಲಿ ಅಂತ ಬರ್ಕಳಿ ಮೇಷ್ಟ್ರೆ" ಅಂದರು. ಎಲ್ಲರೂ ತಲೆಯಾಡಿಸಿ, ಖಾಲಿ ಹಾಳೆಗೆ ಸಹಿ ಹಾಕಿ ಹೋದರು.

ಒಬ್ಬನೇ ಕೂತು, ಆ ಸಹಿಗಳ ಮೇಲೆ, "ವಿಲೀನಕ್ಕೆ ಸರ್ವಾನುಮತದಿಂದ ಒಪ್ಪಿಗೆ ನೀಡಲಾಯಿತು" ಎಂದು ಬರೆದೆ. ದೊಡ್ಡ ಶಾಲೆಯಲ್ಲಿ ಲ್ಯಾಬು ಇದೆ, ತರಗತಿಗೊಬ್ಬ ಶಿಕ್ಷಕರಿದ್ದಾರೆ, ಮಕ್ಕಳಿಗೆ ಒಳ್ಳೆಯದೇ ಎಂದುಕೊಂಡೆ. ಅದು ನಿಜವೂ ಹೌದು. ಆದರೆ ನಾನು ಬರೆದದ್ದು ಅದಕ್ಕಲ್ಲ. ಆ ಶಾಲೆ ಆಕೆಯ ಕೈ ತಪ್ಪಬೇಕಿತ್ತು, ಅಷ್ಟೇ.

ಆದೇಶ ಬಂದಾಗ ನಾರಾಯಣಮ್ಮ ಕಚೇರಿಯಲ್ಲೇ ಏನೋ ತಪ್ಪಾಗಿದೆ ಎಂದುಕೊಂಡರು. ನನ್ನನ್ನೂ ಕರೆದುಕೊಂಡು ಬಂಗಾರಪೇಟೆಗೆ ಬಂದರು. ಅದೇ ಅಧಿಕಾರಿ ಕಡತ ತೆಗೆದು ನಡಾವಳಿಯ ಪ್ರತಿಯನ್ನು ಆಕೆಯ ಮುಂದಿಟ್ಟರು. ಆಕೆ ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದತೊಡಗಿದರು. 'ಸರ್ವಾನುಮತ'ದ ಹತ್ತಿರ ಬೆರಳು ನಿಂತಿತು. ತಲೆಯೆತ್ತಿ ನನ್ನನ್ನು ನೋಡಿದರು. ಒಂದು ಮಾತು ಸಾಕಿತ್ತು, ನನ್ನ ಕೆಲಸ ಹೋಗಲು.

"ಸಹಿ ನಿಮ್ಮದೇ ತಾನೇ ಅಮ್ಮ?" ಎಂದರು ಅಧಿಕಾರಿ.

"ನಂದೇ ಸಾರ್."

"ಮೇಲೆ ಬರೆದಿರೋದು?"

"ನಾವು ಏಳಿದ್ನೇ ಮೇಷ್ಟ್ರು ಬರ್ದವ್ರೆ."

ಹೊರಗೆ ಬಂದು ಇಬ್ಬರೂ ಬಸ್‌ ನಿಲ್ದಾಣದವರೆಗೆ ನಡೆದೆವು. ಬೈದುಬಿಡಲಿ ಎಂದು ಕಾದೆ. ಬೈದಿದ್ದರೆ ನನಗೂ ಆಕೆಗೂ ಸಮವಾಗುತ್ತಿತ್ತು. ನಾನೇ ಏನೋ ಹೇಳಲು ಬಾಯಿ ತೆರೆದಾಗ ಆಕೆ ತಡೆದರು. "ನೀವೂ ಅದೇ ಇಸ್ಕೂಲ್ಗೆ ಓಗ್ತೀರಂತಲ್ಲ. ಚಿಕ್ ಮಕ್ಳು ಬಸ್ ಇಳ್ಯೋ ಒತ್ಗೆ ರಸ್ತೆ ತಾವ ನಿಂತಿರಿ ಮೇಷ್ಟ್ರೆ. ಲಾರಿಗಳು ಓಡಾಡ್ತವೆ." ಅಂಥ ಹೊತ್ತಿನಲ್ಲೂ ಆಕೆಗೆ ನೆನಪಾದದ್ದು ಮಕ್ಕಳು. ನನಗೆ ನಾಚಿಕೆಯಾಯಿತು. ನಾಚಿಕೆಗಿಂತ ಮೊದಲು, ನಿಜ ಹೇಳಬೇಕೆಂದರೆ, ಮತ್ತೆ ಹೊಟ್ಟೆಕಿಚ್ಚಾಯಿತು. ಕಾಮಸಮುದ್ರದ ಬಸ್ಸು ಬಂತು, ಆಕೆ ಹತ್ತಿದರು. ಶಾಲೆಗೆ ಮರಳಲು ನಾನೂ ಅದೇ ಬಸ್ಸಿಗೆ ಹೋಗಬೇಕಿತ್ತು. ಹತ್ತಲಿಲ್ಲ.

ದೊಡ್ಡ ಶಾಲೆಗೆ ನಾರಾಯಣಮ್ಮ ಒಂದು ದಿನವೂ ಬಂದಿಲ್ಲ. ಮಗಳು ಬರುತ್ತಾಳೆ, ನಮಸ್ಕಾರ ಹೇಳಿ ಒಳಗೆ ಹೋಗುತ್ತಾಳೆ. ನಾನು ದಿನಾ ಬೆಳಿಗ್ಗೆ ರಸ್ತೆಗೆ ಬಂದು, ಬಸ್ಸಿನಿಂದ ಇಳಿಯುವ ಸಣ್ಣ ಮಕ್ಕಳ ಕೈ ಹಿಡಿದು ದಾಟಿಸುತ್ತೇನೆ. ಮೊನ್ನೆ ಶಿಕ್ಷಕರ ಸಭೆಯಲ್ಲಿ ಹೆಡ್‌ಮಾಸ್ಟರು ಎಲ್ಲರೆದುರು ನನ್ನ ಹೆಸರು ಹೇಳಿ ಹೊಗಳಿದರು. "ಯಾರೂ ಹೇಳದೆ ತಾವಾಗಿಯೇ ಮಾಡ್ತಾರೆ ನೋಡಿ" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತು ಕೈ ಮುಗಿದೆ.